ಪದ್ಯ ಚಿಕ್ಕದು, ಅರ್ಥ ದೊಡ್ಡದು: ಸ್ಲೈಡ್ ಹಾಕಿ ಮಾತನಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರ. ಘಟ್ಟದ ಕೆಳಗೆ ಕುಮಟಾ, ಅಂಕೋಲಾ, ಕಾರವಾರ. ಈ ಊರುಗಳಲ್ಲಿ ಸಹಕಾರಿ ಸಂಘದ ಕಾರ್ಯದರ್ಶಿಗಳಿಗೆ, ಕಾಲೇಜು ವಿದ್ಯಾರ್ಥಿಗಳಿಗೆ, ರೈತರ ಸಭೆಯಲ್ಲಿ ಮಾಹಿತಿ ಕೊಡುವವರಿಗೆ ಪ್ರೊಜೆಕ್ಟರ್ ಪಕ್ಕ ನಿಂತು ಮಾತನಾಡುವುದನ್ನು ಹೇಳಿಕೊಡುತ್ತ ಹಲವು ವರ್ಷ ಕಳೆದಿದ್ದೇನೆ. ತರಬೇತಿ ಮುಗಿದು ಚಹಾ ಕುಡಿಯುವಾಗ, ಬಸ್ ಕಾಯುವಾಗ, ಒಮ್ಮೊಮ್ಮೆ ರಾತ್ರಿ ಹತ್ತು ಗಂಟೆಗೆ ಫೋನಿನಲ್ಲಿ ಜನ ಕೇಳಿದ ಪ್ರಶ್ನೆಗಳು ಇಲ್ಲಿವೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ. ಪೂರ್ತಿ ಓದಲೇಬೇಕೆಂದಿಲ್ಲ. ನಾಳೆಯೇ ಕಾರ್ಯಕ್ರಮವಿದ್ದರೆ ಕರೆಂಟು ಹೋಗುವ ಪ್ರಶ್ನೆಯಿಂದ ಆರಂಭಿಸಿ.

## ಮೊದಲ ಸಲ ನಿಲ್ಲುವವರಿಗೆ

ಮಾಸ್ತರರೇ, ಸ್ಲೈಡ್ ಇಲ್ಲದೆ ಮಾತನಾಡಿದರೆ ತಯಾರಿ ಮಾಡದೆ ಬಂದಿದ್ದಾನೆ ಎಂದುಕೊಳ್ಳುವುದಿಲ್ಲವೇ?

ಒಂದು ತಾಳಮದ್ದಳೆಗೆ ಹೋಗಿ ಕೂತು ನೋಡಿ. ವೇಷವಿಲ್ಲ, ಕುಣಿತವಿಲ್ಲ. ಕೃಷ್ಣನೂ ಕೌರವನೂ ಶಲ್ಯ ಹೊದ್ದು ಎದುರುಬದುರು ಕೂತು ವಾದಿಸುತ್ತಾರೆ. ಎದುರಿಗೆ ಜನ ಎಲೆ-ಅಡಿಕೆಯ ಕವಳ ಜಗಿಯುತ್ತ ಬೆಳಗಿನ ಜಾವದವರೆಗೂ ಕದಲದೆ ಕೂರುತ್ತಾರೆ. ಇಂಥ ನೆಲದಲ್ಲಿ ಬರೀ ಮಾತಿಗೆ ಜನ ಕೂರುವುದಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ.

ಸ್ಲೈಡ್ ಬೇಕಾಗುವುದು ಬಾಯಿಗೆ ಆಗದ ಕೆಲಸಕ್ಕೆ. ಕೊಳೆ ರೋಗ ಬಂದ ಅಡಿಕೆಯ ಬಣ್ಣ, ಕಾಳಿ ನದಿ ಸಮುದ್ರ ಸೇರುವ ಜಾಗದ ನಕ್ಷೆ, ಹತ್ತು ವರ್ಷದ ಧಾರಣೆಯ ಏರಿಳಿತ: ಇವನ್ನು ಎಷ್ಟು ವರ್ಣಿಸಿದರೂ ತೋರಿಸಿದಷ್ಟು ಚೆನ್ನಾಗಿ ತಿಳಿಯುವುದಿಲ್ಲ. ನಿಮ್ಮ ವಿಷಯದಲ್ಲಿ ತೋರಿಸುವಂಥದ್ದು ಏನೂ ಇಲ್ಲವಾದರೆ ಪರದೆಯನ್ನು ಸುತ್ತಿಡಿ.

ಒಂದು ಸ್ಲೈಡ್‌ನಲ್ಲಿ ಎಷ್ಟು ಸಾಲು ಬರೆಯಬಹುದು? ಆರು ಎನ್ನುತ್ತಾರಲ್ಲ?

ಸಾಲಿನ ಲೆಕ್ಕ ಇಟ್ಟುಕೊಂಡು ಪ್ರಯೋಜನವಿಲ್ಲ. ಮತ್ತೆ ತಾಳಮದ್ದಳೆಯನ್ನೇ ನೆನೆಯಿರಿ. ಭಾಗವತರು ಹಾಡುವ ಪದ್ಯ ನಾಲ್ಕು ಸಾಲು. ಅದರ ಮೇಲೆ ಅರ್ಥಧಾರಿ ಆಡುವ ಮಾತು ಅರ್ಧ ಗಂಟೆ. ಪದ್ಯದಲ್ಲಿ ಇದ್ದದ್ದನ್ನೇ ಅರ್ಥಧಾರಿ ತಿರುಗಿ ಒಪ್ಪಿಸಿದರೆ ಸಭೆ ಎದ್ದು ಹೋಗುತ್ತದೆ. ಸ್ಲೈಡ್ ಪದ್ಯ, ನಿಮ್ಮ ಮಾತು ಅರ್ಥ. ನಮ್ಮ ಬಹುಪಾಲು ಸ್ಲೈಡ್‌ಗಳಲ್ಲಿ ಅರ್ಥವನ್ನೆಲ್ಲ ಪದ್ಯದೊಳಗೇ ತುರುಕಿರುತ್ತೇವೆ, ಹಾಗಾಗಿ ಬಾಯಿಗೆ ಓದುವ ಕೆಲಸ ಬಿಟ್ಟು ಬೇರೇನೂ ಉಳಿಯುವುದಿಲ್ಲ.

ಇದಕ್ಕೆ ಶಾಸ್ತ್ರದ ಆಧಾರವೂ ಇದೆ. ಅಮೆರಿಕದ ಮನಃಶಾಸ್ತ್ರಜ್ಞ ರಿಚರ್ಡ್ ಮೇಯರ್ ಇದನ್ನು ಪ್ರಯೋಗ ಮಾಡಿ ನೋಡಿದ್ದಾರೆ. ಚಿತ್ರ ನೋಡುತ್ತ ಮಾತು ಕೇಳಿದವರು ಹೆಚ್ಚು ಕಲಿತರು. ಚಿತ್ರ, ಮಾತು, ಅದೇ ಮಾತಿನ ಬರಹ ಮೂರನ್ನೂ ಒಟ್ಟಿಗೆ ಪಡೆದವರು ಕಡಿಮೆ ಕಲಿತರು. ಬರಹ ಕಂಡರೆ ಕಣ್ಣು ಓದತೊಡಗುತ್ತದೆ, ಅದನ್ನು ತಡೆಯಲಾಗದು. ಸಭಿಕರು ನಿಮಗಿಂತ ಬೇಗ ಓದಿ ಮುಗಿಸುತ್ತಾರೆ. ಆಮೇಲೆ ನೀವು ಐದನೆಯ ಸಾಲಿಗೆ ಬರುವವರೆಗೆ ಅವರು ಫ್ಯಾನಿನ ರೆಕ್ಕೆ ಎಣಿಸುತ್ತಿರುತ್ತಾರೆ.

ಇಪ್ಪತ್ತು ನಿಮಿಷಕ್ಕೆ ಎಷ್ಟು ಸ್ಲೈಡ್ ಬೇಕು?

ಆಪಲ್ ಕಂಪನಿಯಲ್ಲಿದ್ದ ಗೈ ಕವಾಸಾಕಿ ಅವರ ಸೂತ್ರ ಪ್ರಸಿದ್ಧವಾಗಿದೆ: ಹತ್ತು ಸ್ಲೈಡ್, ಇಪ್ಪತ್ತು ನಿಮಿಷ, ಮೂವತ್ತು ಪಾಯಿಂಟಿಗಿಂತ ಚಿಕ್ಕದಲ್ಲದ ಅಕ್ಷರ. ಅದು ಬಂಡವಾಳ ಕೇಳಲು ಹೋಗುವವರಿಗೆ ಹೇಳಿದ್ದು. ಇದಕ್ಕೆ ತದ್ವಿರುದ್ಧವಾದ ಪೆಚಾ ಕುಚಾ ಎಂಬ ಪದ್ಧತಿಯನ್ನು ಟೋಕಿಯೊದಲ್ಲಿ ಇಬ್ಬರು ವಾಸ್ತುಶಿಲ್ಪಿಗಳು 2003ರಲ್ಲಿ ಶುರುಮಾಡಿದರು. 20 ಸ್ಲೈಡ್, ಒಂದೊಂದಕ್ಕೆ 20 ಸೆಕೆಂಡ್, ತಾನಾಗಿಯೇ ಮುಂದಕ್ಕೆ ಹೋಗುತ್ತದೆ. 6 ನಿಮಿಷ 40 ಸೆಕೆಂಡಿಗೆ ಮಾತು ಮುಗಿಯಲೇಬೇಕು. ಎರಡೂ ನಡೆಯುತ್ತವೆ ಎಂದ ಮೇಲೆ ಸಂಖ್ಯೆಯಲ್ಲಿ ಗುಟ್ಟೇನೂ ಇಲ್ಲ ಎಂದಾಯಿತು. ನನ್ನ ಪ್ರಕಾರ ಕವಾಸಾಕಿ ಹೇಳಿದ ಮೂರರಲ್ಲಿ ಅಕ್ಷರದ ಗಾತ್ರವೊಂದೇ ಎಲ್ಲರಿಗೂ ಹೊಂದುವ ಮಾತು.

ಮೈಕ್ ಹಿಡಿದ ಕೂಡಲೇ ಕೈ ನಡುಗುತ್ತದೆ. ಏನು ಮಾಡಲಿ?

ಮೊದಲ ಎರಡು ನಿಮಿಷದ ಮಾತನ್ನು ಅಕ್ಷರಶಃ ಬಾಯಿಪಾಠ ಮಾಡಿ. ಅಷ್ಟು ದಾಟಿದರೆ ಮುಂದಿನದು ತಾನಾಗಿ ಬರುತ್ತದೆ. ಕೈಯಲ್ಲಿ ಒಂಟಿ ಹಾಳೆ ಹಿಡಿಯಬೇಡಿ, ಅದು ನಡುಕವನ್ನು ಹತ್ತು ಪಟ್ಟು ಮಾಡಿ ತೋರಿಸುತ್ತದೆ. ಗಟ್ಟಿ ರಟ್ಟಿನ ಚೀಟಿ ಇರಲಿ. ಲೇಸರ್ ದೀಪವನ್ನಂತೂ ಮುಟ್ಟಲೇಬೇಡಿ. ಪರದೆಯ ಮೇಲೆ ಆ ಕೆಂಪು ಚುಕ್ಕೆ ನಿಮ್ಮ ಎದೆಬಡಿತವನ್ನು ಇಡೀ ಸಭೆಗೆ ಸಾರುತ್ತದೆ. ತೋರಿಸಬೇಕಾದ ಜಾಗಕ್ಕೆ ಸ್ಲೈಡ್‌ನಲ್ಲೇ ಒಂದು ವೃತ್ತ ಎಳೆದಿಡಿ.

## ಸ್ಲೈಡ್ ತಯಾರಿಸುವಾಗ

ಕೊಳೆ ರೋಗದ ಬಗ್ಗೆ ನನ್ನಲ್ಲಿ ಮೂವತ್ತು ಸ್ಲೈಡ್‌ಗಳಿವೆ. ರೈತರು ಮೊಬೈಲ್ ನೋಡುತ್ತ ಕೂರುತ್ತಾರೆ. ಎಲ್ಲಿ ಎಡವಿದ್ದೇನೆ?

ಈ ಪ್ರಶ್ನೆ ಕೇಳಿದ ಯುವಕ ಲ್ಯಾಪ್‌ಟಾಪ್ ತೆರೆದು ಎಲ್ಲವನ್ನೂ ತೋರಿಸಿದ. ಮೊದಲ ಸ್ಲೈಡ್ ‘ಪೀಠಿಕೆ’. ಎರಡನೆಯದು ರೋಗ ತರುವ ಫೈಟಾಫ್ಥೊರಾದ ಪೂರ್ಣ ಹೆಸರು, ಮೂರನೆಯದು ಅದರ ಜೀವನಚಕ್ರ. ಕೊಳೆಗೆ ಹೊಡೆಯುವ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಬಂದದ್ದು ಹದಿನೆಂಟನೆಯದರಲ್ಲಿ, ಅದೂ ಒಂಬತ್ತು ಚುಕ್ಕೆಗಳ ಪಟ್ಟಿಯ ನಡುವೆ. ಶಿರಸಿ ಸೀಮೆಯ ತೋಟಿಗನಿಗೆ ಕೊಳೆ ಎಂದರೇನು ಎಂದು ತಿಳಿಸಲು ಹೋಗುವುದು ಕಾರವಾರದ ಬೈತಖೋಲದ ಮೀನುಗಾರನಿಗೆ ಸಮುದ್ರದ ನೀರು ಉಪ್ಪಾಗಿರುತ್ತದೆ ಎಂದ ಹಾಗೆ. ಅವರು ಬಂದದ್ದು ಒಂದೇ ಸಂಗತಿ ತಿಳಿಯಲು: ಔಷಧಿ ಹೊಡೆದರೂ ಕೊಳೆ ಏಕೆ ಬರುತ್ತದೆ?

ಇಬ್ಬರೂ ಕೂತು ಮೂವತ್ತನ್ನು ನಾಲ್ಕಕ್ಕೆ ಇಳಿಸಿದೆವು. ಮೊದಲನೆಯದರಲ್ಲಿ ಒಂದೇ ಚಿತ್ರ: ಮರದ ಬುಡದಲ್ಲಿ ಉದುರಿ ಬಿದ್ದ ಹಸಿಕಾಯಿ, ಅದರ ಮೇಲೆ ಬಿಳಿ ಬೂಷ್ಟು. ಅಕ್ಷರವೇ ಇಲ್ಲ. ಅದನ್ನು ಹಾಕಿ ಐದು ಸೆಕೆಂಡ್ ಬಾಯಿ ಮುಚ್ಚಿಕೊಂಡಿರು ಎಂದೆ. ಅವನಿಗೆ ಅದೇ ಎಲ್ಲಕ್ಕಿಂತ ಕಷ್ಟವಾಯಿತು. ಆಮೇಲೆ, ‘ಹೋದ ವರ್ಷ ನಿಮ್ಮ ತೋಟದಲ್ಲಿ ಇದು ಯಾವ ತಿಂಗಳಲ್ಲಿ ಕಂಡಿತು?’ ಎಂದು ಕೇಳುವುದು. ಎರಡನೆಯದರಲ್ಲಿ ಮೂರು ಅಂಕಿ, ದೊಡ್ಡದಾಗಿ: ಮೈಲುತುತ್ತ 1 ಕಿಲೊ, ಸುಣ್ಣ 1 ಕಿಲೊ, ನೀರು 100 ಲೀಟರ್.

ಮೂರನೆಯ ಭಾಗಕ್ಕೆ ಪರದೆಯೇ ಬೇಡವೆಂದು ಖಾಲಿ ಬಿಟ್ಟೆವು. ಮೇಜಿನ ಮೇಲೆ ಎರಡು ಪ್ಲಾಸ್ಟಿಕ್ ಬಕೆಟ್. ಅರ್ಧ ಲೀಟರ್ ನೀರಿನಲ್ಲಿ ಹತ್ತು ಗ್ರಾಂ ತುತ್ತ, ಇನ್ನರ್ಧ ಲೀಟರಿನಲ್ಲಿ ಸುಣ್ಣ, ಆದರೆ ಬೇಕೆಂದೇ ಕಡಿಮೆ. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿದು ಕಲಕಿ, ಉಜ್ಜಿ ತೊಳೆದ ಕಬ್ಬಿಣದ ಕತ್ತಿಯನ್ನು ಒಂದು ನಿಮಿಷ ಅದ್ದಿ ಎತ್ತಿದರೆ ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತಿರುತ್ತದೆ. ಸುಣ್ಣ ಸಾಲದು ಎಂಬುದಕ್ಕೆ ಅದೇ ಸಾಕ್ಷಿ. ಉಳಿದ ಸುಣ್ಣ ಹಾಕಿ, ಅಲಗನ್ನು ಉಜ್ಜಿ ತೊಳೆದು ಮತ್ತೆ ಅದ್ದಿದರೆ ಅಲಗು ಬೆಳ್ಳಗೇ ಬರುತ್ತದೆ. ಸಭೆಯ ದಿನ ಕತ್ತಿ ಮೇಲೆತ್ತಿದಾಗ ಹಿಂದಿನ ಸಾಲಿನವರು ಎದ್ದು ಮುಂದೆ ಬಂದರು. ಒಬ್ಬರು ಕತ್ತಿ ಇಸಿದುಕೊಂಡು ಉಗುರಿನಲ್ಲಿ ಕೆರೆದೇ ನೋಡಿದರು. ಮೊಬೈಲುಗಳು ಹೊರಗೆ ಬಂದವು ನಿಜ, ಈ ಸಲ ಫೋಟೊ ತೆಗೆಯಲು.

ಮನೆಯಲ್ಲಿ ಸರಿಯಾಗಿದ್ದ ಕನ್ನಡ ಅಕ್ಷರ ಸಭಾಭವನದ ಕಂಪ್ಯೂಟರಿನಲ್ಲಿ ಹಾಳಾಗಿ ಹೋಯಿತು. ವೈರಸ್ಸೇ?

ವೈರಸ್ ಅಲ್ಲ. ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬರೆದದ್ದು ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡವೇ ಅಲ್ಲ. ಒಳಗಿರುವುದು ಲ್ಯಾಟಿನ್ ಅಕ್ಷರ, ಮೇಲೆ ಕನ್ನಡದ ವೇಷ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ವೇಷ ಕಳಚಿ, ಟೊಪ್ಪಿ ಹಾಕಿದ ಇಂಗ್ಲಿಷ್ ಅಕ್ಷರಗಳೂ ಪೌಂಡಿನ ಚಿಹ್ನೆಗಳೂ ಹೊರಬೀಳುತ್ತವೆ. ಯೂನಿಕೋಡ್‌ನಲ್ಲಿ ಬರೆದರೆ ಈ ಕಾಟವಿಲ್ಲ. ವಿಂಡೋಸ್‌ನಲ್ಲಿರುವ ತುಂಗಾ, ನಿರ್ಮಲಾ, ಅಥವಾ ಉಚಿತವಾಗಿ ಸಿಗುವ ನೋಟೊ ಸಾನ್ಸ್ ಕನ್ನಡ ಬಳಸಿ. ಉಳಿಸುವಾಗ ಫಾಂಟನ್ನು ಕಡತದೊಳಗೇ ಸೇರಿಸುವ ಆಯ್ಕೆ ಪವರ್‌ಪಾಯಿಂಟ್‌ನಲ್ಲಿದೆ, ಅದನ್ನು ಗುರುತು ಮಾಡಿ. ಇಷ್ಟಾದ ಮೇಲೂ ಪಿಡಿಎಫ್ ಪ್ರತಿಯೊಂದು ಪೆನ್‌ಡ್ರೈವ್‌ನಲ್ಲಿರಲಿ.

ಕಡುನೀಲಿ ಹಿನ್ನೆಲೆ, ಹಳದಿ ಅಕ್ಷರ: ಲ್ಯಾಪ್‌ಟಾಪ್‌ನಲ್ಲಿ ಚೆಂದ ಕಾಣುತ್ತಿತ್ತು, ಸಭೆಯಲ್ಲಿ ಏನೂ ಕಾಣಲಿಲ್ಲ. ಏಕೆ?

ಪ್ರೊಜೆಕ್ಟರಿಗೆ ಕಪ್ಪು ಬಣ್ಣ ಎರಚಲು ಬರುವುದಿಲ್ಲ. ಅದು ಬೆಳಕನ್ನಷ್ಟೇ ಚೆಲ್ಲುತ್ತದೆ. ಕಪ್ಪೆಂದರೆ ಬೆಳಕು ಬೀಳದ ಜಾಗ. ನಮ್ಮ ಸಭಾಭವನಗಳಲ್ಲಿ ಸುತ್ತ ಕಿಟಕಿ, ಪರದೆಯ ಮೇಲೆ ಹಗಲಿನ ಬೆಳಕು ಸದಾ ಬೀಳುತ್ತಲೇ ಇರುತ್ತದೆ. ಹಾಗಾಗಿ ನಿಮ್ಮ ಕಡುನೀಲಿ ಅಲ್ಲಿ ಬೂದಿ ಬಣ್ಣವಾಗಿತ್ತು. ಹಗಲಿನ ಸಭೆಗೆ ಬಿಳಿ ಹಿನ್ನೆಲೆ, ದಪ್ಪ ಕಪ್ಪು ಅಕ್ಷರವೇ ಗತಿ. ಕನ್ನಡಕ್ಕೆ ಇನ್ನೊಂದು ಎಚ್ಚರ ಬೇಕು: ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ, ಆದ್ದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಿ. ಲ್ಯಾಪ್‌ಟಾಪ್ ಮೇಜಿನ ಮೇಲಿಟ್ಟು ಏಳೆಂಟು ಹೆಜ್ಜೆ ಹಿಂದೆ ಸರಿದು ಓದಿ ನೋಡಿ. ಕಣ್ಣು ಕಿರಿದು ಮಾಡಬೇಕಾಯಿತೆಂದರೆ ಅಕ್ಷರ ಚಿಕ್ಕದಾಗಿದೆ.

ಸಂಘದ ಸರ್ವಸಾಧಾರಣ ಸಭೆಯಲ್ಲಿ ಅಢಾವೆ ಪತ್ರಿಕೆಯನ್ನು (ಬ್ಯಾಲೆನ್ಸ್ ಶೀಟ್) ಪೂರ್ತಿ ತೋರಿಸಲೇಬೇಕಲ್ಲ, ಅದನ್ನು ಹೇಗೆ ಆಕರ್ಷಕ ಮಾಡುವುದು?

ಮಾಡಲಾಗದು, ಮಾಡಬೇಕಾದ್ದೂ ಇಲ್ಲ. ಅಢಾವೆ ಪತ್ರಿಕೆ ವರದಿ ಪುಸ್ತಕದಲ್ಲಿದೆ, ಪುಸ್ತಕ ಸದಸ್ಯರ ಕೈಯಲ್ಲಿದೆ. ಪರದೆಯ ಮೇಲೆ ನಲವತ್ತು ಸಾಲಿನ ಅಂಕಿ ಹಾಕಿದರೆ ಎಡಬದಿ ಯಾವುದು, ಬಲಬದಿ ಯಾವುದು ಎಂಬುದೂ ಕಾಣುವುದಿಲ್ಲ. ಸದಸ್ಯರು ಕಾಯುವ ಅಂಕಿ ನಾಲ್ಕು: ಲಾಭ ಎಷ್ಟು, ಲಾಭಾಂಶ ಶೇಕಡಾ ಎಷ್ಟು, ಠೇವಣಿ ಎಷ್ಟಾಯಿತು, ಸಾಲದಲ್ಲಿ ಕಟಬಾಕಿ ಎಷ್ಟು. ಒಂದೊಂದಕ್ಕೆ ಒಂದೊಂದು ಸ್ಲೈಡ್, ಪಕ್ಕದಲ್ಲಿ ಹಿಂದಿನ ವರ್ಷದ ಅಂಕಿ. ಸೂಕ್ಷ್ಮ ಕೇಳುವವರಿಗೆ ‘ಪುಟ 14 ನೋಡಿ’ ಎನ್ನಿ. ಕಟಬಾಕಿ ಏರಿದ್ದರೆ ಅದನ್ನು ಕೊನೆಗೆ ತಳ್ಳಬೇಡಿ. ಜನ ಅದನ್ನು ಮೊದಲೇ ಕೇಳಿಕೊಂಡು ಬಂದಿರುತ್ತಾರೆ; ನಿಮ್ಮ ಬಾಯಿಂದ ಬರುವವರೆಗೆ ಬೇರೇನೂ ಅವರ ಕಿವಿಗೆ ಹೋಗುವುದಿಲ್ಲ.

ಅಡಿಕೆ ಧಾರಣೆಯ ಗ್ರಾಫ್ ಹಾಕಿದೆ. ಎಲ್ಲರೂ ಸುಮ್ಮನೆ ನೋಡಿದರು, ಒಬ್ಬರಿಗೂ ತಿಳಿದಂತೆ ಕಾಣಲಿಲ್ಲ.

ನೀವು ಕಳಿಸಿದ ಚಿತ್ರ ನೋಡಿದೆ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು, ಕೋಕಾ: ಅಡಿಕೆಯ ಆರು ಬಗೆಗೆ ಆರು ಗೆರೆ, ಆರು ಬಣ್ಣ. ಯಾವ ಬಣ್ಣ ಯಾವುದಕ್ಕೆ ಎಂಬ ಪಟ್ಟಿ ಮೂಲೆಯಲ್ಲಿ ಇರುವೆಯಷ್ಟು ದೊಡ್ಡದು. ನಿಮ್ಮ ಮಾತು ಇದ್ದದ್ದು ರಾಶಿ ಮತ್ತು ಚಾಲಿಯ ನಡುವಿನ ಅಂತರದ ಬಗ್ಗೆ. ಹಾಗಿದ್ದರೆ ಆ ಎರಡಕ್ಕೆ ಮಾತ್ರ ಬಣ್ಣ ಕೊಡಿ, ಉಳಿದವನ್ನು ತೆಗೆಯಿರಿ ಅಥವಾ ತೆಳು ಬೂದಿ ಮಾಡಿ. ಗೆರೆ ಮುಗಿಯುವ ತುದಿಯಲ್ಲೇ ‘ರಾಶಿ’ ಎಂದು ಬರೆಯಿರಿ. ತಲೆಬರಹದಲ್ಲಿ ‘ಧಾರಣೆ ವಿಶ್ಲೇಷಣೆ’ ಎಂದರೆ ಏನೂ ಹೇಳಿದಂತಾಗಲಿಲ್ಲ. ‘ಮೂರು ವರ್ಷದಲ್ಲಿ ಅಂತರ ಹೆಚ್ಚಿದೆ’ ಎಂದು ಇಡೀ ವಾಕ್ಯ ಬರೆದರೆ ಕಣ್ಣು ಅದನ್ನೇ ಹುಡುಕುತ್ತದೆ. ಗ್ರಾಫ್ ಹಾಕಿದ ಕೂಡಲೇ ಫಲಿತಾಂಶಕ್ಕೆ ಜಿಗಿಯಬೇಡಿ. ‘ಅಡ್ಡಕ್ಕೆ ವರ್ಷ, ಎತ್ತರಕ್ಕೆ ಕ್ವಿಂಟಲಿನ ದರ’ ಎಂದು ಮೊದಲು ಹೇಳಿ, ಆಮೇಲೆ ಗೆರೆಗೆ ಬನ್ನಿ.

ಅಕ್ಷರ ಹಾರಿ ಬರುವುದು, ತಿರುಗಿ ಬೀಳುವುದು, ಇದೆಲ್ಲ ಇದ್ದರೆ ಜನ ಎಚ್ಚರವಾಗಿರುತ್ತಾರೆ ಅಲ್ಲವೇ?

ಸಂತೆಯಲ್ಲಿ ಬಲೂನು ಮಾರುವವನ ಸುತ್ತ ಮಕ್ಕಳು ಎಚ್ಚರವಾಗಿರುವಂತೆ. ಒಂದು ವಿನಾಯಿತಿ ಉಂಟು. ಯಕ್ಷಗಾನದ ಒಡ್ಡೋಲಗದಲ್ಲಿ ದೊಡ್ಡ ವೇಷ ತೆರೆಯ ಹಿಂದಿನಿಂದ ಸ್ವಲ್ಪ ಸ್ವಲ್ಪವೇ ಕಾಣಿಸಿಕೊಳ್ಳುತ್ತದಲ್ಲ, ಹಾಗೆ ಒಂದು ಚಿತ್ರದ ಭಾಗಗಳನ್ನು ಮಾತಿಗೆ ತಕ್ಕಂತೆ ಒಂದೊಂದಾಗಿ ತೋರಿಸುವುದು ಒಳ್ಳೆಯದೇ. ಅದಕ್ಕೆ ಸುಮ್ಮನೆ ಕಾಣಿಸಿಕೊಳ್ಳುವ ಆಯ್ಕೆ ಸಾಕು.

## ಸಭೆಯ ದಿನ

ಎಷ್ಟು ಮೊದಲು ಹೋಗಬೇಕು? ಹೋಗಿ ಏನು ನೋಡಬೇಕು?

ಮುಕ್ಕಾಲು ಗಂಟೆ ಮೊದಲು. ಪ್ರೊಜೆಕ್ಟರಿಗೆ ಎಚ್‌ಡಿಎಂಐ ಕಿಂಡಿ ಇದೆಯೋ, ಹಳೆಯ ವಿಜಿಎ ಮಾತ್ರವೋ ಎಂಬುದನ್ನು ಹಿಂದಿನ ದಿನವೇ ಫೋನಿನಲ್ಲಿ ಕೇಳಿಕೊಳ್ಳಿ. ‘ಎಲ್ಲ ವ್ಯವಸ್ಥೆ ಇದೆ’ ಎಂಬ ಉತ್ತರವನ್ನು ಉತ್ತರವೆಂದು ತಿಳಿಯಬೇಡಿ. ಕೊನೆಯ ಸಾಲಿನ ಕುರ್ಚಿಯಲ್ಲಿ ಕೂತು ಪರದೆ ನೋಡಿ. ಬಹಳಷ್ಟು ಕಡೆ ಪರದೆಯ ಕೆಳಗಿನ ಕಾಲುಭಾಗ ಮುಂದಿನವರ ತಲೆಗೆ ಮರೆಯಾಗುತ್ತದೆ, ಅಥವಾ ವೇದಿಕೆಯ ಹೂಕುಂಡಕ್ಕೆ. ಅಲ್ಲಿ ಮುಖ್ಯವಾದದ್ದೇನೂ ಇರದಂತೆ ನೋಡಿಕೊಳ್ಳಿ.

ವಾಟ್ಸ್ಆ್ಯಪ್ ಮುಚ್ಚಿಡಿ. ಅಂಕೋಲಾದಲ್ಲಿ ಒಮ್ಮೆ ನಾನು ಅತಿ ಗಂಭೀರವಾಗಿ ಮಾತನಾಡುತ್ತಿದ್ದಾಗ ಪರದೆಯ ಮೂಲೆಯಲ್ಲಿ ಮನೆಯವಳ ಸಂದೇಶ ಮೂಡಿತು: ‘ಬರುವಾಗ ಕೊತ್ತಂಬರಿ ಸೊಪ್ಪು, ಹೋದ ಸಲದ ಹಾಗೆ ಬಾಡಿದ್ದು ಬೇಡ.’ ಆ ದಿನ ನಾನು ಹೇಳಿದ ಯಾವ ಮಾತೂ ಯಾರಿಗೂ ನೆನಪಿಲ್ಲ. ಕೊತ್ತಂಬರಿಯನ್ನು ಮಾತ್ರ ಈಗಲೂ ಕೇಳುತ್ತಾರೆ.

ಮಳೆಗಾಲದಲ್ಲಿ ಮಧ್ಯದಲ್ಲೇ ಕರೆಂಟು ಹೋದರೆ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಅದನ್ನು ‘ಹೋದರೆ’ ಎನ್ನುವುದಿಲ್ಲ, ‘ಹೋದಾಗ’ ಎನ್ನುತ್ತೇವೆ. ಬಲ್ಬಿನ ಹಳೆಯ ಪ್ರೊಜೆಕ್ಟರ್ ಆಗಿದ್ದರೆ ಕರೆಂಟು ಮರಳಿದ ಕೂಡಲೇ ಹೊತ್ತಿಕೊಳ್ಳುವುದೂ ಇಲ್ಲ, ಬಲ್ಬ್ ತಣಿಯಲು ಕೆಲವು ನಿಮಿಷ ಬೇಕು. ಆ ನಿಮಿಷಗಳಲ್ಲಿ ನೀವು ಮೇಲೆ ನೋಡುತ್ತ ನಿಂತರೆ ಸಭೆಯೂ ಮೇಲೆ ನೋಡುತ್ತದೆ, ಅರ್ಧ ಜನ ಕವಳ ಉಗುಳಲು ಹೊರಗೆ ಹೋಗುತ್ತಾರೆ. ಅದಕ್ಕೆ ಪರದೆ ಬೇಡದ ಒಂದು ಕಥೆಯನ್ನೋ ಸಭಿಕರಿಗೆ ಕೇಳುವ ಒಂದು ಪ್ರಶ್ನೆಯನ್ನೋ ಕಿಸೆಯಲ್ಲಿಟ್ಟುಕೊಂಡಿರಿ. ಸ್ಲೈಡ್‌ಗಳ ಚಿಕ್ಕ ಮುದ್ರಿತ ಪ್ರತಿ ಇದ್ದರೆ ಮುಂದಿನ ಜಾಡು ತಪ್ಪುವುದಿಲ್ಲ.

ಮಾಡಿಗೆ ತಗಡು ಹಾಕಿದ ಸಭಾಭವನವಾದರೆ ಕರೆಂಟಿಗಿಂತ ಮಳೆಯ ಸದ್ದೇ ದೊಡ್ಡ ಸಮಸ್ಯೆ. ಅದರೊಂದಿಗೆ ಗಂಟಲಿನ ಪೈಪೋಟಿ ಬೇಡ. ಜಡಿ ಇಳಿಯುವವರೆಗೆ ಚಿತ್ರದ ಸ್ಲೈಡ್‌ಗಳನ್ನು ತೋರಿಸುತ್ತ ನಿಲ್ಲಿ, ಮಾತಿನದನ್ನು ಆಮೇಲೆ ಇಟ್ಟುಕೊಳ್ಳಿ.

ನನ್ನ ಪಾಳಿ ಊಟದ ನಂತರ. ಎಲ್ಲರೂ ತೂಕಡಿಸುತ್ತಾರೆ.

ಕೊಚ್ಚಕ್ಕಿ ಅನ್ನ ಅಥವಾ ಹೋಳಿಗೆ ಉಂಡವರ ಮುಂದೆ ದೀಪ ಆರಿಸಿ ಕಿಟಕಿ ಮುಚ್ಚಿದರೆ ಇನ್ನೇನಾದೀತು! ದೀಪ ಉರಿಯಲಿ, ಕಿಟಕಿ ತೆರೆದಿರಲಿ. ಮೊದಲ ಹತ್ತು ನಿಮಿಷ ಸ್ಲೈಡ್ ಬೇಡ. ಕೈ ಎತ್ತಿಸುವ ಪ್ರಶ್ನೆ ಕೇಳಿ, ಅದೂ ನಿಜವಾಗಿ ಉತ್ತರ ಬೇಕಾದ ಪ್ರಶ್ನೆ. ‘ಎಲ್ಲರಿಗೂ ಅರ್ಥವಾಯಿತೇ?’ ಎಂಬುದು ಪ್ರಶ್ನೆಯ ಲೆಕ್ಕಕ್ಕೆ ಬರುವುದಿಲ್ಲ. ಯಾರಾದರೂ ನಿದ್ದೆ ಹೋಗಿದ್ದರೆ ಅವರ ಹೆಸರು ಕೂಗಿ ನಗಿಸಬೇಡಿ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹಾಲು ಕರೆದು ಬಂದವರು ಇರುತ್ತಾರೆ.

ಸ್ವಾಗತ, ದೀಪ, ಸನ್ಮಾನ ಎಲ್ಲ ಮುಗಿಯುವಾಗ ನನ್ನ ನಲವತ್ತು ನಿಮಿಷ ಹತ್ತಾಗಿರುತ್ತದೆ. ಆಗ?

ವೇಗವಾಗಿ ಮಾತನಾಡುವುದು, ‘ಇದು ಬಿಡಿ, ಇದೂ ಬಿಡಿ’ ಎನ್ನುತ್ತ ಸ್ಲೈಡ್ ಓಡಿಸುವುದು, ಎರಡೂ ತಪ್ಪು. ಬಿಟ್ಟದ್ದರ ಬಗ್ಗೆಯೇ ಸಭಿಕರಿಗೆ ಕುತೂಹಲ ಹುಟ್ಟುತ್ತದೆ. ಮನೆಯಲ್ಲೇ ಹತ್ತು ನಿಮಿಷದ ಆವೃತ್ತಿಯೊಂದನ್ನು ಗಟ್ಟಿಯಾಗಿ ಮಾತನಾಡಿ ಅಭ್ಯಾಸ ಮಾಡಿಕೊಂಡು ಹೋಗಿ. ಯಾವ ನಾಲ್ಕು ಸ್ಲೈಡ್ ಅದಕ್ಕೆ ಬೇಕು ಎಂದು ಚೀಟಿಯಲ್ಲಿ ಸಂಖ್ಯೆ ಬರೆದುಕೊಳ್ಳಿ. ಪವರ್‌ಪಾಯಿಂಟ್‌ನಲ್ಲಿ ಸ್ಲೈಡ್ ತೋರಿಸುತ್ತಿರುವಾಗಲೇ ಕೀಲಿಮಣೆಯಲ್ಲಿ 17 ಎಂದು ಒತ್ತಿ ಎಂಟರ್ ಹೊಡೆದರೆ ನೇರ ಹದಿನೇಳನೆಯದಕ್ಕೆ ಹೋಗುತ್ತದೆ. ನಡುವಿನವು ಯಾರಿಗೂ ಕಾಣುವುದಿಲ್ಲ.

ಇದೇ ಜಾತಿಯ ಇನ್ನೊಂದು ಉಪಕಾರಿ ಕೀಲಿ ಇಂಗ್ಲಿಷಿನ ‘ಬಿ’. ಅದನ್ನು ಒತ್ತಿದರೆ ಪರದೆ ಕಪ್ಪಾಗುತ್ತದೆ, ಮತ್ತೆ ಒತ್ತಿದರೆ ಮರಳುತ್ತದೆ. ಮುಖ್ಯ ಮಾತು ಹೇಳುವ ಮುನ್ನ ಒಮ್ಮೆ ಒತ್ತಿ ನೋಡಿ. ಅಷ್ಟೂ ಮುಖಗಳು ನಿಮ್ಮ ಕಡೆ ತಿರುಗುತ್ತವೆ. ಮೊದಲ ಸಲ ಸ್ವಲ್ಪ ಹೆದರಿಕೆಯೇ ಆಗುತ್ತದೆ.

ಕಾರವಾರದಲ್ಲಿ ಸಭಿಕರಲ್ಲಿ ಅರ್ಧ ಜನರ ಮನೆಮಾತು ಕೊಂಕಣಿ. ಸ್ಲೈಡ್ ಎರಡೂ ಭಾಷೆಯಲ್ಲಿ ಇರಬೇಕೇ?

ಬೇಡ, ಅಕ್ಷರ ಇಮ್ಮಡಿಯಾಗುತ್ತದೆ. ಸ್ಲೈಡ್‌ನಲ್ಲಿ ಚಿತ್ರವೂ ಅಂಕಿಯೂ ಇದ್ದಷ್ಟು ಈ ತೊಡಕು ತಾನಾಗಿ ಕಡಿಮೆಯಾಗುತ್ತದೆ. ಮೀನುಗಾರಿಕೆ ನಿಷೇಧದ ಬಗ್ಗೆ ಹೇಳುವುದಿದ್ದರೆ ಹನ್ನೆರಡು ತಿಂಗಳ ಪಟ್ಟಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಕೆಂಪು ಬಳಿದು ‘61 ದಿನ’ ಎಂದರೆ ಎಲ್ಲ ಭಾಷೆಯವರಿಗೂ ತಿಳಿಯಿತು. ವಸ್ತುಗಳ ಹೆಸರನ್ನು ಮಾತ್ರ ಬಾಯಲ್ಲಿ ಎರಡೂ ಬಗೆಯಲ್ಲಿ ಹೇಳಿ: ಬಂಗಡೆ ಎಂದ ಮೇಲೆ ಬಾಂಗ್ಡೊ, ಸೀಗಡಿ ಎಂದ ಮೇಲೆ ಸುಂಗಟ. ನಿಮ್ಮ ಉಚ್ಚಾರ ಕೇಳಿ ಅವರು ನಕ್ಕರೆ ಒಳ್ಳೆಯದೇ ಆಯಿತು, ತಿದ್ದಲು ಯಾರಾದರೂ ಬಾಯಿ ತೆರೆಯುತ್ತಾರೆ.

ಮಾತಿನ ನಡುವೆ ಮುಖ್ಯ ಅತಿಥಿ ಬಂದರೆ ನಿಲ್ಲಿಸಬೇಕೇ, ಮುಂದುವರಿಸಬೇಕೇ?

ನಿಲ್ಲಿಸಿ. ಹೇಗೂ ಯಾರೂ ನಿಮ್ಮನ್ನು ನೋಡುತ್ತಿರುವುದಿಲ್ಲ. ಅವರು ಕೂತ ಮೇಲೆ ಅಲ್ಲಿಯವರೆಗಿನದನ್ನು ಒಂದು ವಾಕ್ಯದಲ್ಲಿ ಹೇಳಿ ಮುಂದಕ್ಕೆ ಹೋಗಿ. ಅದು ಅತಿಥಿಗಿಂತ ಹೆಚ್ಚಾಗಿ ಉಳಿದವರಿಗೆ ಉಪಯೋಗವಾಗುತ್ತದೆ.

## ಪಳಗಿದವರಿಗೆ

ಬಾರದವರಿಗೂ ಸ್ಲೈಡ್ ಕಳಿಸಬೇಕು, ಅದಕ್ಕೇ ಎಲ್ಲ ವಿವರ ತುಂಬಿಸುತ್ತೇನೆ. ಇದರಲ್ಲಿ ತಪ್ಪೇನು?

ನೋಡುವ ಸ್ಲೈಡ್ ಬೇರೆ, ಓದುವ ಟಿಪ್ಪಣಿ ಬೇರೆ. ಒಂದರಿಂದ ಎರಡೂ ಕೆಲಸ ಮಾಡಿಸಲು ಹೋದರೆ ಎರಡೂ ಕೆಡುತ್ತವೆ. ಇಂಥದ್ದೇ, ಪ್ರಾಣಕ್ಕೇ ಸಂಬಂಧಿಸಿದ ಒಂದು ಪ್ರಸಂಗ ಇದೆ. ಕಲ್ಪನಾ ಚಾವ್ಲಾ ಸೇರಿ ಏಳು ಜನರಿದ್ದ ಕೊಲಂಬಿಯಾ ನೌಕೆ 2003ರ ಫೆಬ್ರವರಿ 1ರಂದು ಮರಳುವಾಗ ಒಡೆದುಹೋಯಿತು. ಏರುವಾಗ ಇಂಧನ ಟ್ಯಾಂಕಿನಿಂದ ಕಿತ್ತ ನೊರೆಯ ತುಂಡೊಂದು ರೆಕ್ಕೆಗೆ ಬಡಿದಿತ್ತು. ನೌಕೆ ಇನ್ನೂ ಕಕ್ಷೆಯಲ್ಲಿದ್ದಾಗಲೇ ಎಂಜಿನಿಯರುಗಳು ಆ ಬಗ್ಗೆ ಸ್ಲೈಡ್ ಮಾಡಿ ಮೇಲಿನವರಿಗೆ ತೋರಿಸಿದ್ದರು.

ಒಂದು ಸ್ಲೈಡ್‌ನ ತಲೆಬರಹ ಧೈರ್ಯ ತುಂಬುವ ಧಾಟಿಯಲ್ಲಿತ್ತು. ಕೆಳಗೆ ಚುಕ್ಕೆ, ಅದರೊಳಗೆ ಕಿರುಗೆರೆ, ಅದರೊಳಗೆ ಮತ್ತೊಂದು ಚುಕ್ಕೆ. ಎಲ್ಲಕ್ಕಿಂತ ಕೆಳಗೆ ಚಿಕ್ಕ ಅಕ್ಷರದಲ್ಲಿ ಅಸಲು ಸಂಗತಿ: ಹಿಂದೆ ಪರೀಕ್ಷೆ ಮಾಡಿದ್ದ ತುಂಡು 3 ಘನ ಅಂಗುಲ, ಈ ಸಲದ್ದು 1920 ಘನ ಅಂಗುಲ. ಅಂದರೆ 640 ಪಟ್ಟು. ಹಳೆಯ ಪರೀಕ್ಷೆಯಿಂದ ಈಗಿನದಕ್ಕೆ ಏನನ್ನೂ ಹೇಳಲಾಗದು ಎಂಬುದೇ ತಲೆಬರಹವಾಗಬೇಕಿತ್ತು. ಎಡ್ವರ್ಡ್ ಟಫ್ಟಿ ಎಂಬ ವಿದ್ವಾಂಸರು ಆ ಸ್ಲೈಡನ್ನು ಸಾಲುಸಾಲಾಗಿ ಬಿಡಿಸಿ ತೋರಿಸಿದರು. ತನಿಖಾ ಮಂಡಳಿಯೂ ತನ್ನ ವರದಿಯಲ್ಲಿ, ತಾಂತ್ರಿಕ ವರದಿ ಬರೆಯಬೇಕಾದ ಕಡೆ ಪವರ್‌ಪಾಯಿಂಟ್ ಸ್ಲೈಡ್ ಬಳಸುವ ಚಾಳಿಯನ್ನು ಟೀಕಿಸಿತು. ಬಾರದವರಿಗೆ ಎರಡು ಪುಟದ ಟಿಪ್ಪಣಿಯನ್ನು ಪೂರ್ಣ ವಾಕ್ಯಗಳಲ್ಲಿ ಬರೆದು ಕಳಿಸಿ.

ಆನ್‌ಲೈನ್ ಸಭೆಯಲ್ಲಿ ಎದುರಿನವರ ಮುಖವೇ ಕಾಣುವುದಿಲ್ಲ. ಹೇಗೆ ಹಿಡಿದಿಡುವುದು?

ನೆಟ್‌ವರ್ಕ್‌ಗಾಗಿ ಗುಡ್ಡ ಹತ್ತಿ ಕೂತವರು ಮುಖ ತೋರಿಸಲಿ ಎಂದು ಬಯಸುವುದೇ ಅನ್ಯಾಯ. ಅವರು ನೋಡುತ್ತಿರುವುದು ಅಂಗೈ ಅಗಲದ ಪರದೆಯಲ್ಲಿ, ಆದ್ದರಿಂದ ಅಕ್ಷರ ಇನ್ನೂ ದೊಡ್ಡದಿರಲಿ, ಸ್ಲೈಡ್ ಬದಲಾಯಿಸುವುದು ಹೆಚ್ಚು ಸಲ ಆಗಲಿ. ಪಿಡಿಎಫ್ ಪ್ರತಿಯನ್ನು ಮೊದಲೇ ಕಳಿಸಿ, ಸಂಖ್ಯೆ ಹೇಳುತ್ತ ಮಾತನಾಡಿ: ‘ಈಗ ಐದನೆಯದು.’ ಚಿತ್ರ ನಿಂತುಹೋದವರೂ ಮಾತನ್ನು ಹಿಡಿದುಕೊಂಡು ಬರುತ್ತಾರೆ.

ಈಗ ಕೃತಕ ಬುದ್ಧಿಮತ್ತೆಯೇ ಸ್ಲೈಡ್ ಮಾಡಿಕೊಡುತ್ತದೆ. ನಾವು ಏಕೆ ಕಷ್ಟಪಡಬೇಕು?

ಕರಡು ಮಾಡಿಸಿಕೊಳ್ಳಿ, ಬೇಡ ಎನ್ನುವುದಿಲ್ಲ. ಆದರೆ ಅಡಿಕೆ ತೋಟ ಎಂದು ಕೇಳಿದರೆ ಅದು ಕೊಡುವ ಚಿತ್ರದಲ್ಲಿ ತೆಂಗಿನ ಗರಿಯ ಮರಕ್ಕೆ ಅಡಿಕೆ ಕೊನೆ ಜೋತಿರಬಹುದು. ನಮ್ಮ ಸಭಿಕರಿಗೆ ಅದು ಹತ್ತು ಮಾರು ದೂರದಿಂದ ತಿಳಿಯುತ್ತದೆ, ಆಮೇಲೆ ನಿಮ್ಮ ಅಂಕಿಯನ್ನೂ ಅನುಮಾನಿಸುತ್ತಾರೆ. ನಿಮ್ಮ ಮೊಬೈಲಿನಲ್ಲಿ ನೀವೇ ತೆಗೆದ, ಸ್ವಲ್ಪ ಓರೆಯಾದ ಫೋಟೊ ಮೇಲು.

ಪ್ರಶ್ನೆ ಕೇಳಿ ಎಂದರೆ ಒಬ್ಬರು ಎದ್ದು ಹದಿನೈದು ನಿಮಿಷ ಭಾಷಣ ಮಾಡುತ್ತಾರೆ. ಹಿರಿಯರು, ಏನೂ ಅನ್ನುವ ಹಾಗಿಲ್ಲ.

ಅನ್ನಬೇಡಿ. ಅವರು ಉಸಿರು ಎಳೆದುಕೊಳ್ಳುವ ಹೊತ್ತಿಗೆ ‘ರಾಯರೇ, ತಾವು ಕೇಳುತ್ತಿರುವುದು ಇದು ತಾನೇ?’ ಎಂದು ಅವರ ಮಾತಿನಲ್ಲಿ ಉತ್ತರ ಕೊಡಬಹುದಾದ ಭಾಗವನ್ನು ಹಿಡಿದು ಪ್ರಶ್ನೆಯಾಗಿ ಹೇಳಿ, ಕೂಡಲೇ ಸಭೆಯ ಕಡೆ ತಿರುಗಿ ಉತ್ತರಿಸಿ. ಅವರ ಮರ್ಯಾದೆಯೂ ಉಳಿಯಿತು, ಹಿಂದಿನ ಸಾಲಿಗೆ ಪ್ರಶ್ನೆಯೂ ಕೇಳಿಸಿತು. ಗೊತ್ತಿಲ್ಲದ್ದನ್ನು ಕೇಳಿದರೆ ಗೊತ್ತಿಲ್ಲ ಎನ್ನಿ, ಅವರ ಫೋನ್ ನಂಬರ್ ಬರೆದುಕೊಳ್ಳಿ, ಮೂರು ದಿನದೊಳಗೆ ಕರೆ ಮಾಡಿ. ಮುಂದಿನ ಸಭೆಗೆ ಜನ ಸೇರಿಸುವವರು ಅವರೇ.

ಕೊನೆಯ ಸ್ಲೈಡ್‌ನಲ್ಲಿ ‘ಧನ್ಯವಾದಗಳು’, ಹಿಂದೆ ಸೂರ್ಯಾಸ್ತದ ಚಿತ್ರ. ಸರಿಯಲ್ಲವೇ?

ಧನ್ಯವಾದವನ್ನು ಬಾಯಲ್ಲಿ ಹೇಳಿದರೆ ಸಾಕು. ಪ್ರಶ್ನೋತ್ತರದ ಅಷ್ಟೂ ಹೊತ್ತು ಪರದೆಯ ಮೇಲೆ ಉಳಿಯುವುದು ಕೊನೆಯ ಸ್ಲೈಡ್. ಇಡೀ ಕಾರ್ಯಕ್ರಮದಲ್ಲಿ ಹೆಚ್ಚು ಹೊತ್ತು ಕಾಣುವ ಜಾಗವನ್ನು ಸೂರ್ಯನಿಗೆ ಕೊಟ್ಟುಬಿಡುತ್ತೇವೆ. ಕೊಳೆ ರೋಗದ ಆ ಯುವಕ ನಾಲ್ಕನೆಯ ಸ್ಲೈಡ್ ಎಂದು ಮಾಡಿದ್ದು ಎರಡನೆಯದರ ನಕಲನ್ನೇ: ತುತ್ತ 1, ಸುಣ್ಣ 1, ನೀರು 100, ಅದರ ಕೆಳಗೆ ಕತ್ತಿಯ ಚಿತ್ರ, ಮೂಲೆಯಲ್ಲಿ ಅವನ ಫೋನ್ ನಂಬರ್. ಚಹಾಕ್ಕೆ ಎದ್ದವರು ಒಬ್ಬೊಬ್ಬರಾಗಿ ಪರದೆಯ ಮುಂದೆ ನಿಂತು ಫೋಟೊ ತೆಗೆದುಕೊಂಡರು. ಮೊಬೈಲ್ ಇಲ್ಲದ ಅಜ್ಜ ಒಬ್ಬರು ನನ್ನ ಪೆನ್ನು ಇಸಿದುಕೊಂಡು ಮೂರು ಅಂಕಿಯನ್ನು ಅಂಗೈ ಮೇಲೆ ಬರೆದುಕೊಂಡರು. ಪೆನ್ನು ವಾಪಸು ಬರಲಿಲ್ಲ.